ತಪ್ಪು ಹುಡುಕುವ ಪ್ಯಾರಿಟಿ

ಭಾವನವರಿಗೆ ನಮಸ್ಕಾರ.

ನಮ್ಮ ಲ್ಯಾಬಿನ ರಕ್ತಪರೀಕ್ಷೆ ಮೆಷಿನ್ನಿಂದ ಸೀರಿಯಲ್ ಕೇಬಲ್ಲಿನಲ್ಲಿ ಕಂಪ್ಯೂಟರಿಗೆ ಬರೋ ಅಂಕಿಗಳನ್ನು, ದಾರಿಯಲ್ಲಿ ಅಂಕಿ ಕೆಟ್ಟಿದೆಯಾ ಅಂತ ನೋಡೋ ಪ್ಯಾರಿಟಿ ತಪಾಸಣೆ ಪದೇ ಪದೇ ತಡೀತಿದೆ, ಏನು ಮಾಡಲಿ ಅಂತ ಮನೆಯವರ ಗ್ರೂಪಿನಲ್ಲಿ ಕೇಳಿದ್ದೆ. "ಪ್ಯಾರಿಟಿ ನಿನ್ನ ಅತ್ತೆ ಇದ್ದ ಹಾಗೆ, ಎಲ್ಲದರಲ್ಲೂ ತಪ್ಪು ಹುಡುಕುತ್ತೆ. ಬಾಯಿ ಮುಚ್ಚಿಸು, ಹಾಯಾಗಿರ್ತೀಯ" ಅಂದಿರಿ. ನೀವು ಇಂಜಿನಿಯರ್, ನಾನು ಆಫ್ ಮಾಡಿದೆ. ತಕರಾರು ನಿಂತಿತು.

ಸೋಮವಾರ ಅತ್ತೆಯ ಸಕ್ಕರೆ ನೂರಹತ್ತು ಇದ್ದದ್ದು ಕಂಪ್ಯೂಟರಿನಲ್ಲಿ ಮುನ್ನೂರಹತ್ತು ಅಂತ ಬಂತು. ಅದನ್ನು ನೋಡಿ ಆಸ್ಪತ್ರೆಯಲ್ಲಿ ಇನ್ಸುಲಿನ್ ಕೊಟ್ಟರು. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿತು, ಇನ್ನೂ ಎಚ್ಚರವಾಗಿಲ್ಲ.

ಯಾಕೆ ಹೀಗಾಯಿತು ಅಂತ ಡಾಕ್ಟರ್ ಕೇಳಿದರು. ನಿಮ್ಮ ಮೆಸೇಜ್ ತೋರಿಸಿದೆ. ಅವರು ನಗಲಿಲ್ಲ.

ಎಚ್ಚರವಿಲ್ಲದಿದ್ದರೂ ಕಿವಿ ಕೇಳಿಸಬಹುದಂತೆ, ಮನೆಯವರು ಮಾತಾಡಿಸಿ ಅಂತಾರೆ ನರ್ಸ್. ನಾಳೆ ಬನ್ನಿ. ಬರುವಾಗ ಅತ್ತೆಯ ಕನ್ನಡಕ ತನ್ನಿ. ಪಕ್ಕದಲ್ಲಿ ಕೂತು ಆ ಜೋಕು ಇನ್ನೊಂದು ಸಲ ಹೇಳಿ. ಅವತ್ತು ಗ್ರೂಪಿನಲ್ಲಿ ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ಅತ್ತೆಯೇ.

ಇಂತಿ,
ನಿಮ್ಮ ತಂಗಿಯ ಗಂಡ