ಅಜ್ಜಿ ಎದ್ದು ನಿಂತದ್ದೇ ತಪ್ಪಾಯಿತು

ಡಾಕ್ಟರಮ್ಮನವರಿಗೆ,

ಅಕ್ಷರ ಕೋಳಿ ಕೆರೆದ ಹಾಗಿದೆ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು, ಕ್ಷಮಿಸಿ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು ನಾನು. ದೊಡ್ಡವರ ಎದುರಿಗೆ ನಿಂತರೆ ನನಗೆ ನಾಚಿಕೆ. ನಿಮ್ಮ ಸಂಸ್ಥೆಯ ಬೆಂಚಿನ ಮೇಲೆ ಅಷ್ಟು ಸಲ ಕೂತಿದ್ದರೂ ನಿಮ್ಮ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಕಾಗದದ ಮುಂದೆ ಆ ನಾಚಿಕೆ ಇಲ್ಲ. ನನ್ನನ್ನು ಮರೆತಿದ್ದರೆ ನೆನಪಿಸುತ್ತೇನೆ: ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುವವಳು, ಅಜ್ಜಿಯನ್ನು ನಿಮ್ಮ ವ್ಯಾಯಾಮದ ತರಗತಿಗೆ ಕರೆತರುತ್ತಿದ್ದ ಮೊಮ್ಮಗಳು.

ಮುಪ್ಪಿನಲ್ಲಿ ಕರಗುವ ಕಸುವನ್ನು ಮರಳಿ ತರಬಹುದೇ ಎಂದು ನೀವು ಪರೀಕ್ಷೆ ಮಾಡುತ್ತಿದ್ದಿರಿ. ಇಸ್ತ್ರಿ ಅಂಗಡಿಯಲ್ಲಿ ನಿಂತೇ ಬದುಕು ಕಳೆದ ನನ್ನ ಅಜ್ಜಿಗೆ ಆಗ ಕೂತಲ್ಲಿಂದ ಏಳಲು ಆಗುತ್ತಿರಲಿಲ್ಲ. ಬಚ್ಚಲಲ್ಲಿ ನಾನು ಕಂಕುಳಿಗೆ ಕೈ ಹಾಕಿ ಎತ್ತುವಾಗ ಗೋಡೆ ಕಡೆ ಮುಖ ತಿರುಗಿಸುತ್ತಿದ್ದಳು. "ಕಣ್ಣು ಮುಚ್ಕೊಳ್ಳೇ" ಅನ್ನುತ್ತಿದ್ದಳು. ಮುಚ್ಚಿಕೊಳ್ಳುತ್ತಿದ್ದೆ. ನಿಮ್ಮವರು ಕಾಲಿಗೆ ಮರಳಿನ ಚೀಲ ಕಟ್ಟಿ, ಏಳಿಸಿ, ಕೂರಿಸಿ, ಮತ್ತೆ ಏಳಿಸಿ, ಒಂದು ಚಳಿಗಾಲ ಮುಗಿಯುವಷ್ಟರಲ್ಲಿ ಅವಳು ಬಚ್ಚಲಿಗೆ ಒಳಗಿಂದ ಚಿಲಕ ಹಾಕಿಕೊಂಡು ಒಬ್ಬಳೇ ಮಿಂದು ಬಂದಳು. "ನಿನ್ನ ಕೆಲ್ಸ ನೀನು ನೋಡ್ಕೋ ಹೋಗು, ನನ್ನ ಬೆನ್ನು ನನಗೆ ಎಟಕುತ್ತೆ" ಅಂದಳು. ಅದನ್ನು ಮಾಡಿದವರು ನೀವು. ಇಲ್ಲ ಅನ್ನುವುದಿಲ್ಲ. ಅದಕ್ಕೇ ಹೊಟ್ಟೆ ಇಷ್ಟು ಉರಿಯುತ್ತದೆ.

ತರಗತಿಗೆ ಹಣ ಮುಗಿಯುತ್ತಿದೆ, ಶಾಸಕರನ್ನು ಕಂಡು ಮುಪ್ಪಿನ ಸಂಶೋಧನೆಗೆ ಅನುದಾನ ಕೇಳಬೇಕು, ಅಜ್ಜಿ ಜೊತೆಗಿದ್ದರೆ ಬಲ ಎಂದಿರಿ. ಅಜ್ಜಿ ಒಳ್ಳೆಯ ಬಟ್ಟೆಗೆ ತಾನೇ ಇಸ್ತ್ರಿ ಹಾಕಿಕೊಂಡಳು. ಆ ದೊಡ್ಡ ಕಟ್ಟಡದ ಮೆಟ್ಟಿಲನ್ನು ಕಂಬಿ ಮುಟ್ಟದೆ ಹತ್ತಿದಳು, ನಿಮಗೆ ತೋರಿಸಬೇಕೆಂದೇ. ಮೇಲೆ ನೀವು ಗಾಲಿಕುರ್ಚಿ ಹಿಡಿದು ನಿಂತಿದ್ದಿರಿ.

"ಅಜ್ಜೀ, ಇದ್ರಲ್ಲಿ ಕೂತ್ಕೊಳ್ಳಿ. ಹೀಗೆ ಸಿಪಾಯಿ ಥರ ನಡ್ಕೊಂಡು ಹೋದ್ರೆ ಯಾರು ದುಡ್ಡು ಕೊಡ್ತಾರೆ?"

"ನಡೆಸಿದ್ದು ನೀವೇ ಅಲ್ವೇನಮ್ಮಾ?"

"ಅದೆಲ್ಲ ಅವ್ರಿಗೆ ಅರ್ಥ ಆಗಲ್ಲ. ಅಯ್ಯೋ ಪಾಪ ಅನ್ನಿಸ್ಬೇಕು. ಕೈ ಸ್ವಲ್ಪ ನಡುಗಿಸಿ."

ನಿಮ್ಮ ಜೊತೆಗಿದ್ದ ಬೋಳುತಲೆಯ ವಿಜ್ಞಾನಿ ಹೇಗೆ ನಡುಗಿಸಬೇಕೆಂದು ಮಾಡಿ ತೋರಿಸಿದರು. ಅಷ್ಟೊಂದು ಓದಿದ ಕೈ! ತರಗತಿ ಉಳಿದರೆ ಸಾಕೆಂದು ಅಜ್ಜಿ ಕುರ್ಚಿಯಲ್ಲಿ ಕೂತಳು. ಅಜ್ಜಿಗೆ ಅರಿವೆ ಚಿಂತೆ ಎಂಬ ಗಾದೆ ಇದೆಯಲ್ಲ, ಆ ದಿನ ನನ್ನ ಅಜ್ಜಿಗೆ ಬಚ್ಚಲಿನ ಚಿಂತೆ, ನಿಮಗೆ ವೇಷದ ಚಿಂತೆ.

ಒಳಗೆ ಶಾಸಕರು ಮೆತ್ತನೆಯ ಸೋಫಾದಲ್ಲಿ ಸೊಂಟದವರೆಗೆ ಹೂತುಹೋಗಿದ್ದರು. ತಲೆಗೂದಲು ಬೂಟಿನ ಪಾಲಿಶ್ ಹಚ್ಚಿದಷ್ಟು ಕಪ್ಪು. ಕತ್ತು ಮಾತ್ರ ತನ್ನ ವಯಸ್ಸನ್ನು ಮುಚ್ಚಿಟ್ಟಿರಲಿಲ್ಲ. ನೀವು ಬಣ್ಣಬಣ್ಣದ ಗೆರೆಗಳ ಚಿತ್ರ ಹರಡಿದಿರಿ. ಅವರು ಆಕಳಿಸಿ, "ಈ ಮುದುಕರ ವಿಷ್ಯ ನನಗೇನು ಗೊತ್ರೀ, ನಮ್ಮಂಥವ್ರಿಗೆ ಇನ್ನೂ ಕಾಲ ಇದೆ" ಅಂದರು. "ಅದೇನು ಕೇಳ್ಬೇಕೆ ಸಾರ್, ನೋಡಿದ್ರೇ ಗೊತ್ತಾಗುತ್ತೆ" ಎಂದು ನೀವು ಹಲ್ಲು ಕಿರಿದಿರಿ. ಮುಪ್ಪಿನ ಬಗ್ಗೆ ಹೇಳಲು ಹೋದವರು ಮುಪ್ಪೇ ಇಲ್ಲವೆಂದು ಒಪ್ಪಿಕೊಂಡಿರಿ. ಇಂಥವರ ಕೈಯಲ್ಲಿ ವಿಜ್ಞಾನ, ಅಂಥವರ ಕೈಯಲ್ಲಿ ಕಾನೂನು. ನಾನು ನೆಲ ನೋಡುತ್ತ ನಿಂತಿದ್ದೆ.

ಫೋಟೋ ತೆಗೆಯಬೇಕಿತ್ತು. ಅದಕ್ಕೆ ಶಾಸಕರು ಏಳಬೇಕಿತ್ತು. ಒಂದು ಸಲ ದಮ್ಮು ಕಟ್ಟಿದರು, ಆಗಲಿಲ್ಲ. ಇನ್ನೊಂದು ಸಲ ಕಟ್ಟಿದರು, ಸೋಫಾ ಬಿಡಲಿಲ್ಲ. ಅವರ ಸಹಾಯಕ ಫೋನಿನಲ್ಲಿ ಮುಳುಗಿದ್ದ. ನೀವೆಲ್ಲ ಕಾಣದವರಂತೆ ಕಿಟಕಿ ನೋಡಿದಿರಿ. ಅಜ್ಜಿಗೆ ಮಾತ್ರ ತಡೆಯಲಾಗಲಿಲ್ಲ. ಗಾಲಿಕುರ್ಚಿಯಿಂದ ಎದ್ದು ಹೋಗಿ ಅವರ ಮುಂದೆ ನಿಂತಳು.

"ಹಾಗಲ್ಲಪ್ಪಾ. ಪಾದ ಹಿಂದಕ್ಕೆ ಎಳ್ಕೋ. ಮುಂದಕ್ಕೆ ಬಾಗು, ಇನ್ನೂ ಬಾಗು. ಈಗ ಏಳು. ನಾಚ್ಕೋಬೇಡ, ನನಗೂ ಹಿಂಗೇ ಆಗ್ತಿತ್ತು."

ಶಾಸಕರು ಎದ್ದರು!

ಆಗ ನೀವು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು, ಡಾಕ್ಟರಮ್ಮ. "ನೋಡಿ ಸಾರ್, ಇದೇ ನಮ್ಮ ಕೆಲಸ" ಅನ್ನಬಹುದಿತ್ತು. ನಿಮ್ಮ ಇಷ್ಟು ವರ್ಷದ ಪರೀಕ್ಷೆ ಅಲ್ಲಿ ಎರಡು ಕಾಲಿನ ಮೇಲೆ ನಿಂತಿತ್ತು. ನಿಮ್ಮ ಮುಖವೋ, ಪಕ್ಕದ ಮನೆ ಪಾತ್ರೆ ಕದ್ದು ಸಿಕ್ಕಿಬಿದ್ದವರ ಮುಖ. ಶಾಸಕರು ಖಾಲಿ ಕುರ್ಚಿ ನೋಡಿದರು, ಅಜ್ಜಿಯನ್ನು ನೋಡಿದರು. ಕೆಂಪಗಾದರು. "ಗಟ್ಟಿಮುಟ್ಟಾಗೇ ಇದಾರಲ್ರೀ. ಇವ್ರಿಗ್ಯಾಕೆ ದುಡ್ಡು?" ಅಂದು ಒಳಗೆ ಹೋದರು. ಫೋಟೋವೂ ಇಲ್ಲ.

ಹೊರಗೆ ಬಂದ ಮೇಲೆ ನೀವು ಅಂದದ್ದು, "ಎಲ್ಲಾ ಕೆಡಿಸ್ಬಿಟ್ರಿ ಅಜ್ಜೀ." ಅವಳು "ತಪ್ಪಾಯ್ತು ತಾಯಿ" ಅಂದಳು. ನೀವೇ ಕಲಿಸಿದ್ದನ್ನು ಮಾಡಿದ್ದಕ್ಕೆ ನಿಮ್ಮ ಹತ್ತಿರ ಕ್ಷಮೆ ಕೇಳಿದಳು. ಇಳಿಯುವಾಗ ಕಂಬಿ ಹಿಡಿದುಕೊಂಡಳು.

ತರಗತಿ ಮುಚ್ಚಿತು. ಮನೆಯಲ್ಲಿ ಮಾಡಿಸಲು ನೋಡಿದೆ. ಹಗಲು ನಾನು ಅಂಗಡಿಯಲ್ಲಿ, ಅವಳನ್ನು ಹಿಡಿದುಕೊಳ್ಳುವವರಿಲ್ಲ, ಒಬ್ಬಳೇ ಮಾಡಲು ಬೀಳುವ ಭಯ, ಜೊತೆಗೆ ನಗುವ ತರಗತಿಯ ಗೆಳತಿಯರಿಲ್ಲದೆ ಮನಸ್ಸೂ ಇಲ್ಲ. ಕಾಲು ಮೊದಲಿನ ಹಾಗೇ ಆಗುತ್ತ ಬಂತು.

ನಿನ್ನೆ ನಿಮ್ಮ ಸಹಾಯಕಿ ಬಂದಿದ್ದಳು. ಈಗ ಬೇರೆ ಶಾಸಕರ ಸಮಿತಿಯಂತೆ, ಮತ್ತೆ ಅಜ್ಜಿಯೇ ಬೇಕಂತೆ. ಬಾಗಿಲು ಹಾಕಿಬಿಡಬೇಕು ಅನ್ನಿಸಿತು. ಅಜ್ಜಿ ಒಳಗಿಂದ, "ಬರ್ತೀನಿ ಅಂತ ಹೇಳೇ. ಈ ಸಲ ಏಳಲ್ಲ ಅಂತನೂ ಹೇಳು" ಅಂದಳು. ತರಗತಿ ಮತ್ತೆ ತೆರೆದರೆ ಸಾಕು, ಅವಳು ಯಾರ ಮುಂದೆ ಬೇಕಾದರೂ ಕೂರುತ್ತಾಳೆ.

ಆಗಲಿ, ಕರೆತರುತ್ತೇನೆ. ನಿಮ್ಮನ್ನು ಕಂಡರೆ ನನಗೆ ಹೇಸಿಗೆ, ನಿಮ್ಮ ತರಗತಿ ಮಾತ್ರ ನಮಗೆ ಬೇಕು. ಈ ಸಲ ನಟನೆ ಹೇಳಿಕೊಡುವ ಶ್ರಮ ನಿಮಗಿಲ್ಲ. ನಿಮಗೆ ಹೇಗೆ ಬೇಕಿತ್ತೋ ಹಾಗೆಯೇ ಆಗಿದ್ದಾಳೆ.

ನಿಮಗೆ ನೂರು ವರ್ಷ ಆಯಸ್ಸು ಸಿಗಲಿ, ಡಾಕ್ಟರಮ್ಮ. ಅಷ್ಟೂ ದಿನ ಮೊಣಕಾಲು ನಿಮ್ಮ ಮಾತು ಕೇಳಲಿ. ಇವತ್ತು ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಬಚ್ಚಲಿನ ಬಾಗಿಲ ಒಳಚಿಲಕವನ್ನು ಮೊಳೆ ಸಮೇತ ಕಿತ್ತು ತೆಗೆದೆ. ತೆಗೆ ಎಂದು ಅಜ್ಜಿಯೇ ಹೇಳಿದಳು.

ಇಂತಿ,
ಅಜ್ಜಿಯ ಮೊಮ್ಮಗಳು