ಕೆರೆಗೆ ಬಿಟ್ಟ ಟೀಶರ್ಟುಗಳು

ಹೇಮಂತ,

ಮುದ್ದೆ, ಸಾರು ಮುಚ್ಚಿಟ್ಟಿದ್ದೀನಿ, ಉಣ್ಣು. ಯಾರು ಕೂಗಿದರೂ ಬಾಗಿಲು ತೆಗೀಬೇಡ.

ಕೊಳಲಿನ ಬದಲು ಕೃಷ್ಣನ ಬಾಯಿಗೆ ಸಿಗರೇಟು ಬರೆಸಿ, ನಿನ್ನ ಬ್ಯಾಂಡಿನ ಹೆಸರಲ್ಲಿ ಮಾರೋಕೆ ತಂದಿಟ್ಟೆಯಲ್ಲ ಆ ಟೀಶರ್ಟುಗಳು, ಊರು ರೊಚ್ಚಿಗೆದ್ದ ಮೇಲೂ ಅವನ್ನ ಸುಡೋಕೆ ನನಗೆ ಕೈ ಬರಲಿಲ್ಲ ಕಣೋ. ಎಷ್ಟಾದರೂ ದೇವರ ಮುಖ. ಹಳೇ ದೇವರ ಪಟ ನೀರಿಗೆ ಬಿಡೋ ಹಾಗೆ ಅರಿಶಿನ ಕುಂಕುಮ ಇಟ್ಟು ಹಳೇಬೀಡಿನ ಕೆರೆಗೆ ಬಿಟ್ಟೆ. ಯಾರೋ ವಿಡಿಯೋ ಮಾಡಿ, "ಈಗ ದೇವರನ್ನೇ ನೀರಿಗೆ ಎಸೆದವ್ರೆ" ಅಂತ ಹಬ್ಬಿಸಿದ್ದಾರೆ. ಚಿಕ್ಕಂದಿನಿಂದ ನನಗೆ ಪದ್ಯ ಓದಿ ಹೇಳಿದ ಚಿಕ್ಕಣ್ಣಮಾವನೇ, "ಇನ್ಮೇಲೆ ಪದ್ಯ ಕೇಳೋಕೆ ಬರಬೇಡ ಕಣವ್ವ" ಅಂದರು.

ಎಸೆದವಳು ನಾನು ಅಂತ ಹೇಳೋಕೆ ಬೇಲೂರು ಠಾಣೆಗೆ ಹೋಗ್ತಿದ್ದೀನಿ. ಹೇಳಿದರೂ ಊರವರು ಬರೋದು ನಿನ್ನ ಹುಡುಕಿಕೊಂಡೇ.

ನೀನು ತೊಟ್ಟಿರೋದೊಂದು ಉಳಿದಿದೆ. ಅವರು ಹಿಡಿದೆಳೆಯೋ ಮೊದಲು ನೀನೇ ಬಿಚ್ಚಿ, ಮಡಿಸಿ, ಕಾಲು ತಾಗದ ಕಡೆ ಇಡು.

ಅಕ್ಕ