ಕರಿ ಎಣ್ಣೆಗೂ ಅದೇ ಹೆಸರು

ಮನೆಯಿಂದ,
ಹದಿನಾಲ್ಕನೇ ತಾರೀಖು, ಗುರುವಾರ

ಪ್ರೀತಿಯ ಅಕ್ಕಾ,

ಅಕ್ಷರ ಕೋಳಿ ಕೆದರಿದ ಹಾಗಿದೆ, ಬೇಜಾರು ಮಾಡಿಕೊಳ್ಳಬೇಡ. ಕಾಗುಣಿತ ತಪ್ಪಿದ್ದರೆ ನಮ್ಮ ನಾಲ್ಕನೇ ಕ್ಲಾಸಿನ ಮೇಷ್ಟ್ರನ್ನು ಬೈಯಬೇಡ, ಅವರು ಸರಿಯಾಗಿಯೇ ಹೇಳಿಕೊಟ್ಟಿದ್ದರು. ನಿನ್ನ ಕೆಮ್ಮು ಹೇಗಿದೆ? ಆ ಮರಳುಗಾಡಿನ ಧೂಳಿನಲ್ಲಿ ಅಷ್ಟು ಜನ ರಸ್ತೆ ಕೆಲಸದವರಿಗೆ ಅಡುಗೆ ಮಾಡುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯಾ? ಭಾವನವರ ಸೊಂಟ ನೋವು ಕಡಿಮೆಯಾಯಿತೇ? ರೋಲರಿನ ಸೀಟಿಗೆ ಗೋಣಿಚೀಲ ಮಡಿಸಿ ಹಾಕಿಕೊಳ್ಳಲು ಹೇಳು.

ಮೊದಲೇ ಹೇಳಿಬಿಡುತ್ತೇನೆ, ನೀನು ಕಾಗದವನ್ನು ಪೂರ್ತಿ ಓದುವ ಮೊದಲೇ ಹೆದರಬಾರದು. ನಿನ್ನ ಗುಬ್ಬಿ ಚೆನ್ನಾಗಿ ಮಾತಾಡುತ್ತಿದ್ದಾಳೆ, ಊಟ ಮಾಡುತ್ತಿದ್ದಾಳೆ. ಆದರೆ ಆಸ್ಪತ್ರೆಯಲ್ಲಿದ್ದಾಳೆ. ಎರಡೂ ಮೀನಖಂಡದ ಚರ್ಮ ಸುಟ್ಟಿದೆ. ನಡೆಯುವುದಕ್ಕೆ ಏನೂ ತೊಂದರೆಯಾಗುವುದಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ನಾನು ಎರಡು ಸಲ ಕೇಳಿದೆ, ಅದಕ್ಕೆ.

ಹೇಗಾಯಿತು ಎಂದರೆ, ನಿನ್ನ ಕಾಗದ ಶುಕ್ರವಾರ ಬಂತು. ಗುಬ್ಬಿಯ ಕಾಲಿನ ಕಜ್ಜಿ ವಾಸಿಯಾಯಿತೇ ಎಂದು ಕೇಳಿದ್ದೆ, ಅಲ್ಲಿ ಕ್ರಿಯೋಸೋಟ್ ಎಂಬ ಗಿಡ ಇದೆ, ಅದರ ಸೊಪ್ಪು ಹಾಕಿ ಕಾಯಿಸಿದ ನೀರಿನಲ್ಲಿ ತೊಳೆದರೆ ಕಜ್ಜಿ ಒಣಗುತ್ತದೆ ಎಂದು ಅಲ್ಲಿಯ ಹೆಂಗಸರು ಹೇಳುತ್ತಾರೆ ಎಂದು ಬರೆದಿದ್ದೆ. ನಾನು ಅಮ್ಮನಿಗೆ ಓದಿ ಹೇಳುತ್ತಿದ್ದವಳು ಆ ಹೆಸರು ಬಂದ ಕೂಡಲೇ ನಿಂತುಬಿಟ್ಟೆ. ನಾನು ಕೆಲಸ ಮಾಡುವ ಮರದ ಕಂಬಗಳ ಯಾರ್ಡಿನಲ್ಲಿ ಎಲ್ಲರೂ ಅದನ್ನು ಕರಿ ಎಣ್ಣೆ ಎನ್ನುತ್ತಾರೆ. ಉದ್ದನೆಯ ಕಬ್ಬಿಣದ ಕೊಳವೆಯೊಳಗೆ ಕಂಬಗಳನ್ನು ತುಂಬಿ, ಬಾಗಿಲು ಬಿಗಿದು, ಬಿಸಿ ಎಣ್ಣೆಯನ್ನು ಒತ್ತಿ ಒಳಗೆ ಇಳಿಸುತ್ತಾರೆ, ಹುಳ ಹಿಡಿಯಬಾರದು, ಮಣ್ಣಿನಲ್ಲಿ ಕೊಳೆಯಬಾರದು ಎಂದು. ಕಂಬದ ತುದಿಗೆ ನಂಬರಿನ ತಗಡು ಹೊಡೆಯುವುದು ನನ್ನ ಕೆಲಸ. ಡ್ರಮ್ಮಿನ ಮೇಲೆ ಬರೆದಿರುವ ನಿಜವಾದ ಹೆಸರನ್ನು ಅಲ್ಲಿ ಯಾರೂ ಓದುವುದಿಲ್ಲ. ನಾನು ಮಾತ್ರ ಊಟದ ಹೊತ್ತಿನಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿ ಕಲಿತಿದ್ದೆ. ಕ್ರಿ-ಯೋ-ಸೋ-ಟ್. ಅಷ್ಟು ಕಷ್ಟದ ಹೆಸರು ನಿನ್ನ ಕಾಗದದಲ್ಲಿ ಕಂಡಾಗ ನನಗೆ ಎಂಥ ಜಂಬ ಬಂತು ಗೊತ್ತೇ? "ಅಮ್ಮಾ, ಇದು ನಮ್ಮ ಯಾರ್ಡಲ್ಲೇ ಡ್ರಮ್ಮುಗಟ್ಟಲೆ ಇದೆ" ಎಂದು ಕೂಗಿದೆ. ಮನೆಯಲ್ಲಿ ನಾನು ಕೂಗಿದ್ದು ಅದೇ ಮೊದಲಿರಬೇಕು.

ಅಮ್ಮ ಸ್ವಲ್ಪ ಯೋಚಿಸಿ, "ಮರಕ್ಕೇ ಹುಳ ಹತ್ತದ ಹಾಗೆ ಮಾಡುತ್ತೆ ಅಂದ್ಮೇಲೆ ಈ ಕಜ್ಜಿ ಯಾವ ಲೆಕ್ಕ? ಒಂದು ಸೀಸೇಲಿ ತಗೊಂಡು ಬಾ" ಎಂದಳು. ಮೇಸ್ತ್ರಿಯನ್ನು ಕೇಳಿದೆ. ಅವರು "ಬಾಗಿಲಿಗೆ ಹಚ್ಚೋಕಾ? ತಗೊಂಡು ಹೋಗು. ನಿಮ್ಮ ಬಾಗಿಲು ನಲವತ್ತು ವರ್ಷ ಕೊಳೆಯಲ್ಲ, ಅಷ್ಟರಲ್ಲಿ ನಾನು ಕೊಳೆತಿರ್ತೀನಿ" ಎಂದು ನಕ್ಕರು. ಬಾಗಿಲಿಗಲ್ಲ ಎಂದು ಹೇಳಲು ನನಗೆ ನಾಚಿಕೆಯಾಯಿತು. ಹೇಳಿದ್ದರೆ ಅವರು ಸೀಸೆ ಕಿತ್ತುಕೊಳ್ಳುತ್ತಿದ್ದರು.

ಭಾನುವಾರ ಮಧ್ಯಾಹ್ನ ಅಮ್ಮ ಹಳೇ ಬಟ್ಟೆಯ ತುಂಡನ್ನು ಕೋಲಿಗೆ ಸುತ್ತಿ, ಎಣ್ಣೆಯಲ್ಲಿ ಅದ್ದಿ ಗುಬ್ಬಿಯ ಕಾಲಿಗೆ ಹಚ್ಚಿದಳು. ಯಾವ ಔಷಧಿಗೂ ಹಠ ಮಾಡುವ ನಿನ್ನ ಮಗಳು ಅವತ್ತು ಅಲುಗಾಡದೆ ಕೂತಿದ್ದಳು ಅಕ್ಕಾ. "ಚಿಕ್ಕಮ್ಮನ ವಾಸನೆ, ಚಿಕ್ಕಮ್ಮನ ವಾಸನೆ" ಎಂದು ತನ್ನ ಕಾಲನ್ನೇ ಮೂಸಿ ಮೂಸಿ ನಗುತ್ತಿದ್ದಳು. ನಾನು ಕೆಲಸದಿಂದ ಬಂದಾಗ ದಿನಾ ಹಾಗೇ ನಾರುತ್ತೇನಲ್ಲ. ಒಣಗಲಿ ಎಂದು ಅವಳನ್ನು ಬಿಸಿಲಿನಲ್ಲಿ ಮೆಟ್ಟಿಲ ಮೇಲೆ ಕೂರಿಸಿದೆವು. ನಾನು ಒಳಗೆ ಪಾತ್ರೆ ಉಜ್ಜುತ್ತಿದ್ದೆ. ಆಮೇಲೆ ಕೇಳಿದ ಕೂಗು ನಮ್ಮ ಮನೆಯದು ಎಂದು ನನಗೆ ಗೊತ್ತೇ ಆಗಲಿಲ್ಲ, ಬೀದಿಯಲ್ಲಿ ಯಾರದೋ ಮಗು ಎಂದುಕೊಂಡೆ. ನೀರು ಹುಯ್ದರೆ ಎಣ್ಣೆ ಹೋಗಲಿಲ್ಲ, ಹರಡಿತು. ಸೋಪು ಹಾಕಿದರೆ ಚರ್ಮವೇ ಕೈಗೆ ಬಂತು. ಎದುರುಮನೆಯ ಟೈಲರ್ ಅಳತೆ ಟೇಪನ್ನು ಕುತ್ತಿಗೆಯಲ್ಲೇ ಬಿಟ್ಟುಕೊಂಡು ಓಡಿಬಂದು, ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ನನ್ನ ಕಾಲಲ್ಲಿ ಚಪ್ಪಲಿ ಇರಲಿಲ್ಲ ಎನ್ನುವುದು ವಾಪಸ್ಸು ಬರುವಾಗ ಗೊತ್ತಾಯಿತು.

ಡಾಕ್ಟರು ಸೀಸೆ ಮೂಸಿ ನೋಡಿ ಅಮ್ಮನ ಮುಖ ನೋಡಿದರು. ನಾನು ನಿನ್ನ ಕಾಗದ ತೋರಿಸಿದೆ. ಅವರು ಒಂದು ದಪ್ಪ ಪುಸ್ತಕ ತೆಗೆದು, ಸಣ್ಣ ಎಲೆ, ಹಳದಿ ಹೂವಿನ ಒಂದು ಪೊದೆಯ ಚಿತ್ರ ತೋರಿಸಿದರು. "ಇದು ಗಿಡ ಕಣಮ್ಮಾ. ನೀವು ಹಚ್ಚಿದ್ದು ಕಲ್ಲಿದ್ದಲ ಟಾರಿನಿಂದ ತೆಗೆದಿದ್ದು. ವಾಸನೆ ಅದೇ ಥರ ಇದೆ ಅಂತ ಯಾರೋ ಗಿಡಕ್ಕೂ ಆ ಹೆಸರಿಟ್ಟಿದಾರೆ. ಹಚ್ಚಿದ್ದು ಸಾಲದು ಅಂತ ಬಿಸಿಲಿಗೆ ಬೇರೆ ಕೂರಿಸಿದ್ರಲ್ಲ, ಅದರಿಂದ ಇನ್ನೂ ಜಾಸ್ತಿ ಸುಟ್ಟಿದೆ." ನಾನು ಆ ಚಿತ್ರವನ್ನೇ ನೋಡುತ್ತಾ ನಿಂತೆ. ಏನೂ ಅರ್ಥವಾಗಲಿಲ್ಲ. ಈಗಲೂ ಪೂರ್ತಿ ಆಗಿಲ್ಲ.

ಎರಡು ವಾರ ಪಟ್ಟಿ ಕಟ್ಟಬೇಕಂತೆ. ಕಲೆ ಉಳಿಯಬಹುದಂತೆ. ಅಮ್ಮ ಸರಿಯಾಗಿ ಊಟ ಮಾಡುತ್ತಿಲ್ಲ. "ಅವಳು ಬರೆದ್ಲು, ನೀನು ತಂದೆ, ನಾನು ಹಚ್ಚಿದೆ" ಎಂದು ಗೋಡೆಗೆ ಹೇಳುತ್ತಾ ಕೂರುತ್ತಾಳೆ. ಬಂದವರಿಗೆಲ್ಲ ಮಾತ್ರ "ದೊಡ್ಡೋಳು ಬರೆದಿದ್ಲು" ಎಂದಷ್ಟೇ ಹೇಳುತ್ತಾಳೆ. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಯಾರ ತಪ್ಪೂ ಇಲ್ಲ, ಹೆಸರಿನ ತಪ್ಪು. ರಜೆ ಸಿಕ್ಕ ಕೂಡಲೇ ಇಬ್ಬರೂ ಹೊರಟು ಬನ್ನಿ. ಭಾವನವರಿಗೆ ನನ್ನ ನಮಸ್ಕಾರ, ಅಮ್ಮನ ಆಶೀರ್ವಾದ ನಿಮ್ಮಿಬ್ಬರಿಗೂ.

ಇಂತಿ,
ನಿನ್ನ ತಂಗಿ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ಹೆಸರಿನ ತಪ್ಪು ಎಂದು ಮೇಲೆ ಬರೆದದ್ದು ಸುಳ್ಳು ಅಕ್ಕಾ. ಸೀಸೆ ತುಂಬುವಾಗ ನಾನು ಕೈಗವಸು ಹಾಕಿಕೊಂಡಿದ್ದೆ. ಕೆಲಸಕ್ಕೆ ಸೇರಿದ ವಾರವೇ ಮಣಿಕಟ್ಟಿಗೆ ಒಂದು ಹನಿ ಬಿದ್ದು ಬೊಬ್ಬೆ ಬಂದಿತ್ತು, ಕೆಲಸ ಹೋಗುತ್ತದೆಂದು ಯಾರಿಗೂ ತೋರಿಸಿರಲಿಲ್ಲ. ಹಚ್ಚುವ ಮುಂಚೆ ಅಮ್ಮ "ಉರಿಯಲ್ಲ ತಾನೇ?" ಎಂದು ಕೇಳಿದಳು. ನೀನು ಬರೆದದ್ದು ಸುಳ್ಳಾಗುವುದುಂಟೇ ಎಂದುಕೊಂಡು ಇಲ್ಲ ಎಂದೆ. ನಿನ್ನ ಗಿಡದ ತಪ್ಪಲ್ಲ, ನಿನ್ನದೂ ಅಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ, ಕಾಗದ ಡಬ್ಬಿಗೆ ಹಾಕಿ ಬಂದು ಹೇಳುತ್ತೇನೆ. ಪಟ್ಟಿ ಕೆರೆದುಕೊಳ್ಳಬಾರದೆಂದು ಇವತ್ತು ಬೆಳಿಗ್ಗೆ ಗುಬ್ಬಿಯ ಉಗುರು ಕತ್ತರಿಸಿದೆ. ಒಂಬತ್ತು ಬೆರಳು ಕೊಟ್ಟಳು, ಹತ್ತನೆಯದನ್ನು ಬಾಯಲ್ಲಿಟ್ಟುಕೊಂಡು ನಿದ್ದೆ ಹೋದಳು.